ಬಸುರಿ, ಬಾಣಂತಿಗೆ ಯಾವ ತತ್ತಿ: ಮನೆ ಕೋಳಿಯದೋ, ಸಂತೆಯದೋ, ಅಂಗಡಿಯದೋ?

ನನ್ನ ತಂಗಿಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದದ್ದು ಏಪ್ರಿಲ್ ತಿಂಗಳಲ್ಲಿ, ಕಲಬುರಗಿಯ ಬಿಸಿಲು ನೆತ್ತಿ ಸುಡುತ್ತಿದ್ದಾಗ. ಬಂದ ಮರುದಿನವೇ ಅಡುಗೆಮನೆಯಲ್ಲಿ ಎರಡು ಪಕ್ಷವಾದವು. ಅವಳ ಅಜ್ಜಿ ಹೇಳಿದ್ದು: "ಜವಾರಿ ತತ್ತಿ ಹಸೀದೇ ಹಾಲಾಗ ಕದಡಿ ಕೊಡ್ರಿ, ಕೂಸಿಗಿ ಶಕ್ತಿ ಬರ್ತದ." ಹೈದರಾಬಾದಿನಿಂದ ಅಳಿಯ ಫೋನಿನಲ್ಲಿ ಹೇಳಿದ್ದು: "ಮನೀ ಕೋಳಿ ತಿಪ್ಪ್ಯಾಗ ತಿರುಗ್ತಾವ್ರಿ, ಆ ತತ್ತಿ ಬ್ಯಾಡ. ಪ್ಯಾಕೆಟ್ ತತ್ತಿ ತರಸ್ರಿ." ನಡುವೆ ಸಿಕ್ಕ ನನ್ನ ತಂಗಿ ಸಂಜೆ ನನಗೆ ಫೋನ್ ಮಾಡಿದಳು. "ಅಕ್ಕಾ, ನೀನೇ ಹೇಳು, ನಾ ಯಾವ್ದು ಕೊಡ್ಲಿ?"

ಇಬ್ಬರ ಮಾತಿನಲ್ಲೂ ಪ್ರೀತಿ ಇತ್ತು. ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ಚಿತ್ತಾಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಾನು ಕೋಳಿ ಸಾಕಲು ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಸೇಡಂನಿಂದ, ಸುರಪುರದಿಂದ, ಬೀದರ್ ಕಡೆಯಿಂದ ಎಷ್ಟೋ ಹೆಣ್ಣುಮಕ್ಕಳು ನನಗೆ ಇದೇ ಪ್ರಶ್ನೆ ಕೇಳಿದ್ದಾರೆ. ತತ್ತಿ ತಿನ್ನುವ ರೂಢಿ ಇದ್ದು, ಯಾವುದನ್ನು ತಿನ್ನಬೇಕೆಂದು ತಿಳಿಯದೆ ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತತ್ತಿ ಬೇಕೇ ಬೇಡವೇ ಎಂಬುದನ್ನು ಬೇಗ ಮುಗಿಸುತ್ತೇನೆ. ಬೇಕು. ಒಂದು ಫಾರಂ ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬಿ12 ಇದೆ. ಕೂಸಿನ ಮಿದುಳು ಬೆಳೆಯಲು ಬೇಕಾದ ಕೋಲಿನ್ ಎಂಬ ಸತ್ವ ಹಳದಿ ಭಾಗದಲ್ಲಿ ಧಾರಾಳವಾಗಿದೆ. ಕೊನೆಯ ಮೂರು ತಿಂಗಳಲ್ಲಿ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಸುಮಾರು 22 ಗ್ರಾಂ ಪ್ರೋಟೀನ್ ಬೇಕು, ಹೆರಿಗೆಯಾದ ಮೊದಲ ಆರು ತಿಂಗಳು ಸುಮಾರು 17 ಗ್ರಾಂ ಬೇಕು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ. ದಿನಕ್ಕೊಂದು ತತ್ತಿ, ಎರಡು ಸೌಟು ಗಟ್ಟಿ ತೊಗರಿಬೇಳೆ, ಒಂದು ಲೋಟ ಹಾಲು ಸೇರಿದರೆ ಆ ಲೆಕ್ಕದ ಬಹುಪಾಲು ತುಂಬುತ್ತದೆ. "ತತ್ತಿ ಉಷ್ಣ, ಬಸುರಿಗೆ ಬ್ಯಾಡ" ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬೇಯಿಸಿದ ತತ್ತಿಯಿಂದ ಗರ್ಭಕ್ಕೆ ಯಾವ ತೊಂದರೆಯೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ತತ್ತಿಯಲ್ಲಿರುವ ಕಬ್ಬಿಣದಂಶ ಮೈಗೆ ಹತ್ತುವುದು ಬಹಳ ಕಡಿಮೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆಯನ್ನು 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಲೇಬೇಕು. ತತ್ತಿ ತಿನ್ನುತ್ತೇನೆ ಎಂದು ಗುಳಿಗೆ ಬಿಟ್ಟವರನ್ನು ಕಂಡು ನನಗೆ ಸಂಕಟವಾಗಿದೆ.

ಯಾವುದರಿಂದ ಅಳೆಯಬೇಕು

ಒಂದು ತತ್ತಿ ಬಸುರಿಗೆ ಸರಿಯೋ ಅಲ್ಲವೋ ಎಂದು ನೋಡಲು ನಾನು ನಾಲ್ಕು ವಿಷಯ ಕೇಳುತ್ತೇನೆ.

ಮೊದಲನೆಯದು ರೋಗಾಣು. ಸಾಲ್ಮೊನೆಲ್ಲಾ ಎಂಬ ರೋಗಾಣು ಕೋಳಿಯ ಕರುಳಿನಲ್ಲಿರುತ್ತದೆ, ಹಿಕ್ಕೆಯ ಮೂಲಕ ಸಿಪ್ಪೆಗೆ ಅಂಟುತ್ತದೆ. ಕೆಲವು ಸಲ ಸಿಪ್ಪೆ ಕಟ್ಟುವ ಮೊದಲೇ ತತ್ತಿಯೊಳಗೆ ಸೇರಿರುತ್ತದೆ. ಅಂಥ ಕೋಳಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ತತ್ತಿಯೂ ವಾಸನೆ ಬರುವುದಿಲ್ಲ. ಜವಾರಿ, ಫಾರಂ ಎಂಬ ಭೇದ ಅದಕ್ಕಿಲ್ಲ. ಉಳಿದವರಿಗೆ ಎರಡು ದಿನದ ಭೇದಿ, ಜ್ವರ ಎನ್ನಿಸುವುದು ತುಂಬಿದ ಬಸುರಿಯಲ್ಲಿ ಮೈನೀರು ಬತ್ತಿಸಿ ಆಸ್ಪತ್ರೆಗೆ ಒಯ್ಯಬಲ್ಲದು. ಅಪರೂಪಕ್ಕೆ ರಕ್ತಕ್ಕೆ ಸೇರಿ ಕೂಸಿಗೂ ಕೇಡು ಮಾಡಬಲ್ಲದು. ಸಮಾಧಾನವೆಂದರೆ ಇದಕ್ಕೆ ಪೂರ್ತಿ ಮದ್ದು ನಿಮ್ಮ ಒಲೆಯ ಮೇಲೇ ಇದೆ. ಹಳದಿ ಗಟ್ಟಿಯಾಗುವ ತನಕ ಬೇಯಿಸಿದರೆ ಅದು ಸಾಯುತ್ತದೆ.

ಎರಡನೆಯದು ಮಣ್ಣಿನ ವಿಷ. ಇದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ, ಆದರೆ ನನಗೆ ಹೆಚ್ಚು ಚಿಂತೆ ಇದರದ್ದೇ. ಕೋಳಿ ದಿನವಿಡೀ ನೆಲ ಕೆದರುತ್ತದೆ, ಕಾಳಿನ ಜೊತೆ ಮಣ್ಣನ್ನೂ ನುಂಗುತ್ತದೆ. ಆ ಮಣ್ಣಿನಲ್ಲಿ ಸೀಸ (ಲೆಡ್ ಎಂಬ ವಿಷಲೋಹ) ಇದ್ದರೆ ಅದು ತತ್ತಿಯ ಹಳದಿಗೆ ಬರುತ್ತದೆ. ಎಷ್ಟು ಕುದಿಸಿದರೂ ಸೀಸ ಹೋಗುವುದಿಲ್ಲ. ಒಲೆಯ ಬೆಂಕಿ ಕೊಲ್ಲುವುದು ಜೀವ ಇರುವ ರೋಗಾಣುವನ್ನು ಮಾತ್ರ. ತಾಯಿಯ ಮೈಗೆ ಹೋದ ಸೀಸ ಮಾಸು ದಾಟಿ ಕೂಸಿಗೆ ಹೋಗುತ್ತದೆ, ಎದೆಹಾಲಿಗೂ ಸ್ವಲ್ಪ ಇಳಿಯುತ್ತದೆ, ಕೂಸಿನ ಮಿದುಳಿಗೆ ಪೆಟ್ಟು ಕೊಡುತ್ತದೆ. ಇಷ್ಟು ಸೀಸ ಇದ್ದರೆ ಅಡ್ಡಿಯಿಲ್ಲ ಎಂಬ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹಳೆಯ ಬಡಾವಣೆಗಳ ಹಿತ್ತಲ ಕೋಳಿಗಳನ್ನು ಪರೀಕ್ಷಿಸಿದಾಗ ಅಂಗಡಿ ತತ್ತಿಗಿಂತ ಮನೆ ತತ್ತಿಯಲ್ಲೇ ಸೀಸ ಎಷ್ಟೋ ಪಟ್ಟು ಹೆಚ್ಚಿತ್ತು. ಮನೆಯದು ಎಂದ ಮಾತ್ರಕ್ಕೆ ಶುದ್ಧ ಎಂಬ ನಂಬಿಕೆಯನ್ನು ನಾನು ಬಿಟ್ಟದ್ದು ಇದನ್ನು ತಿಳಿದ ಮೇಲೆ.

ಮೂರನೆಯದು ತಾಜಾತನ. ನಮ್ಮ ಬೇಸಿಗೆಗೆ ಇದು ದೊಡ್ಡ ಮಾತು. ನಾಲ್ಕನೆಯದು ದಿನಾ ಸಿಗುತ್ತದೋ ಇಲ್ಲವೋ, ಕೈಗೆಟಕುತ್ತದೋ ಇಲ್ಲವೋ ಎಂಬುದು. ವಾರಕ್ಕೆರಡು ಉತ್ತಮ ತತ್ತಿಗಿಂತ ದಿನಕ್ಕೊಂದು ಸಾಧಾರಣ ತತ್ತಿ ಬಸುರಿಗೆ ಹೆಚ್ಚು ಉಪಯೋಗ.

ಮನೆಯ ಜವಾರಿ ಕೋಳಿ

ಇದರ ದೊಡ್ಡ ಬಲ, ತತ್ತಿ ಯಾವತ್ತಿನದು ಎಂದು ನಿಮಗೆ ಗೊತ್ತಿರುವುದು. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನದ ಊಟಕ್ಕೆ ಬರುತ್ತದೆ. ಕೋಳಿಗೆ ಏನು ತಿನ್ನಿಸಿದಿರಿ, ಯಾವ ಔಷಧ ಹಾಕಿದಿರಿ ಎಂಬುದೂ ಗೊತ್ತು.

ಬಲಹೀನತೆ ಎಣಿಕೆಯಲ್ಲಿದೆ. ಜವಾರಿ ಕೋಳಿ ಹನ್ನೆರಡೋ ಹದಿನೈದೋ ತತ್ತಿ ಇಟ್ಟು ಕಾವಿಗೆ ಕೂರುತ್ತದೆ. ಆಮೇಲೆ ಮರಿ ಮಾಡಿ, ಅವುಗಳನ್ನು ತಿರುಗಾಡಿಸಿ, ಮತ್ತೆ ಇಡಲು ಶುರು ಮಾಡುವ ಹೊತ್ತಿಗೆ ತಿಂಗಳುಗಳೇ ಹೋಗುತ್ತವೆ. ವರ್ಷಕ್ಕೆ 50–60 ತತ್ತಿ ಬಂದರೆ ಒಳ್ಳೆಯ ಕೋಳಿ. ನಾಲ್ಕು ಕೋಳಿ ಇದ್ದರೂ ದಿನಕ್ಕೊಂದು ದಕ್ಕುವುದಿಲ್ಲ. ಗಾತ್ರವೂ ಚಿಕ್ಕದು, ಮೂರು ಜವಾರಿ ತತ್ತಿ ತೂಗಿದರೆ ಎರಡು ಫಾರಂ ತತ್ತಿಗೆ ಸಮ ಬರುತ್ತವೆ. ಹಳದಿ ಕೆಂಪಗಿದೆ, ಆದ್ದರಿಂದ ಶಕ್ತಿ ಹೆಚ್ಚು ಎನ್ನುತ್ತಾರೆ. ಆ ಬಣ್ಣ ಕೋಳಿ ತಿಂದ ಹಸಿರು ಸೊಪ್ಪಿನದು, ಗೋವಿನಜೋಳದ್ದು. ಪ್ರೋಟೀನಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ರುಚಿ ಹೆಚ್ಚು ಎಂಬುದನ್ನು ನಾನೂ ಒಪ್ಪುತ್ತೇನೆ, ಬಸುರಿಯ ಬಾಯಿಗೆ ಅದೂ ಮುಖ್ಯವೇ.

ಬೇಸಿಗೆಯ ವಿಷಯ ಹೇಳಬೇಕು. ಹುಂಜ ಇರುವ ಮನೆಯಲ್ಲಿ ತತ್ತಿಗೆ ಜೀವ ಇರುತ್ತದೆ, ಬಿಸಿ ಸಿಕ್ಕರೆ ಬೆಳೆಯುತ್ತದೆ. ಕೋಳಿಯ ಕಾವೇ ಬೇಕೆಂದಿಲ್ಲ, ನಮ್ಮ 42 ಡಿಗ್ರಿಯ ಬಿಸಿಲೂ ಸಾಕು. ಆ ಏಪ್ರಿಲ್‌ನಲ್ಲಿ ತಂಗಿಯ ಮನೆಗೆ ಹೋದಾಗ ಜೋಳದ ಡಬ್ಬಿಯಲ್ಲಿ ಹೂತಿಟ್ಟ ಒಂಬತ್ತು ತತ್ತಿ ತೆಗೆದೆ. ಅಡುಗೆಮನೆಯ ಬಾಗಿಲು ಮುಚ್ಚಿ, ಮೊಬೈಲಿನ ಟಾರ್ಚ್ ಹಚ್ಚಿ, ಅದರ ಮೇಲೆ ತತ್ತಿಯ ದಪ್ಪ ತುದಿಯನ್ನು ಕೂರಿಸಿ ನೋಡಿದೆವು. ಆರು ತತ್ತಿ ಒಳಗೆಲ್ಲ ಒಂದೇ ಸಮ ಕಿತ್ತಳೆ ಬೆಳಕಾಗಿ ಕಂಡವು. ಮೂರರಲ್ಲಿ ನಡುವೆ ಒಂದು ಕೆಂಪು ಚುಕ್ಕೆ, ಅದರಿಂದ ಜೇಡರ ಬಲೆಯ ಎಳೆಗಳಂತೆ ರಕ್ತದ ಗೆರೆಗಳು. "ಇವು ಐದು ದಿನದವೂ ಆಗಿಲ್ಲ ಅಕ್ಕಾ," ಎಂದಳು ತಂಗಿ. ಐದು ದಿನ ಆ ಸೆಖೆಯಲ್ಲಿ ಸಾಕಾಗಿತ್ತು. ಅಂಥವನ್ನು ಬಸುರಿಗೆ ಕೊಡಬೇಡಿ. ಬೇಸಿಗೆಯಲ್ಲಿ ನನ್ನ ಮನೆಯ ಪದ್ಧತಿ ಇದು: ಫ್ರಿಜ್ ಇದ್ದರೆ ಅದೇ ದಿನ ಒಳಗೆ ಇಡುವುದು, ಇಲ್ಲದಿದ್ದರೆ ಎರಡು ದಿನದೊಳಗೆ ತಿಂದು ಮುಗಿಸುವುದು. ಫ್ರಿಜ್ಜಿನಲ್ಲಿ ಆ ಬೆಳವಣಿಗೆ ನಿಲ್ಲುತ್ತದೆ. ಒಮ್ಮೆ ಒಳಗಿಟ್ಟದ್ದನ್ನು ಹೊರಗಿಟ್ಟು ಮತ್ತೆ ಒಳಗಿಡುವುದು ಬೇಡ. ಸಿಪ್ಪೆ ಬೆವರುತ್ತದೆ, ಆ ತೇವದಲ್ಲಿ ರೋಗಾಣು ಒಳಗಿಳಿಯುತ್ತದೆ.

ಗೂಡಿನಿಂದ ದಿನಕ್ಕೆ ಎರಡು ಸಲ ತತ್ತಿ ತೆಗೆಯಿರಿ. ಕೋಳಿ ಮತ್ತೆ ಅಲ್ಲಿಗೇ ಬರಲಿ ಎಂದು ಒಂದು ತತ್ತಿ ಗೂಡಿನಲ್ಲಿ ಬಿಡುತ್ತೇವಲ್ಲ, ಅದಕ್ಕೆ ಇದ್ದಿಲಿನಿಂದ ಗುರುತು ಹಾಕಿ. ಅದು ವಾರಗಟ್ಟಲೆ ಕೋಳಿಯ ಮೈಬಿಸಿ ಉಂಡ ತತ್ತಿ, ತಪ್ಪಿಯೂ ಅಡುಗೆಗೆ ಬರಬಾರದು. ಹುಲ್ಲು ವಾರಕ್ಕೊಮ್ಮೆ ಬದಲಿಸಿ. ತಂದ ಕೂಡಲೇ ತತ್ತಿ ತೊಳೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಅದು ತಪ್ಪು. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ, ಮೇಲೊಂದು ತೆಳು ಲೇಪ ಅವನ್ನು ಕಾಯುತ್ತದೆ. ತಣ್ಣೀರಿನಲ್ಲಿ ತೊಳೆದರೆ ಲೇಪ ಹೋಗಿ, ಹೊಲಸು ನೀರು ಒಳಗೆ ಎಳೆದುಕೊಳ್ಳುತ್ತದೆ. ಒಣ ಬಟ್ಟೆಯಿಂದ ಒರೆಸಿ ಇಡಿ. ತೊಳೆಯಲೇಬೇಕಾದರೆ ಬೇಯಿಸುವ ಮುಂಚೆ, ಬೆಚ್ಚಗಿನ ನೀರಿನಲ್ಲಿ. ಹಿಕ್ಕೆ ಮೆತ್ತಿ ಒಣಗಿದ್ದನ್ನು, ಬಿರುಕು ಬಿಟ್ಟಿದ್ದನ್ನು ಬಸುರಿಯ ಪಾಲಿನಿಂದ ದೂರ ಇಡಿ. ಕೋಳಿಗೂಡು ಬಳಿಯುವ ಕೆಲಸವನ್ನು ಆ ಒಂಬತ್ತು ತಿಂಗಳು ಮನೆಯ ಬೇರೆಯವರು ಮಾಡಲಿ.

ಇನ್ನು ಮಣ್ಣು. ನನ್ನ ಕೋಳಿಗಳು ತಿರುಗುವುದು ಹಿತ್ತಲಲ್ಲಿ, ಹಗೇವಿನ ಹತ್ತಿರ, ದನದ ಕೊಟ್ಟಿಗೆಯಲ್ಲಿ. ಅಲ್ಲಿ ಮೂರು ತಲೆಮಾರಿನಿಂದ ಜೋಳ, ತೊಗರಿ, ಸಗಣಿ ಬಿಟ್ಟರೆ ಬೇರೇನೂ ಬಿದ್ದಿಲ್ಲ. ಆ ತತ್ತಿಯನ್ನು ನಾನು ಧೈರ್ಯದಿಂದ ಕೊಡುತ್ತೇನೆ. ತಂಗಿಯ ಮನೆ ಕಲಬುರಗಿಯ ಹಳೆಯ ಓಣಿಯಲ್ಲಿದೆ. ಗೋಡೆಯ ಆಚೆ ಹಳೇ ಬ್ಯಾಟರಿ ಬಿಚ್ಚಿ ಸರಿಮಾಡುವ ಅಂಗಡಿ, ಓಣಿಯ ತುದಿಯಲ್ಲಿ ಪ್ಲಾಸ್ಟಿಕ್ ಸುಡುವ ಕಸದ ಗುಡ್ಡೆ. ಅವಳ ನಾಲ್ಕು ಕೋಳಿ ಇಡೀ ದಿನ ಅಲ್ಲೇ ಕೆದರುತ್ತವೆ. ಹಿಂದಿನ ವರ್ಷ ಹಳೆಯ ಬಾಗಿಲಿನ ಬಣ್ಣ ಉಜ್ಜಿ ತೆಗೆದಾಗ ಉದುರಿದ ಪುಡಿಯೂ ಅಂಗಳದಲ್ಲೇ ಉಳಿದಿದೆ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿತ್ತೋ ಯಾರಿಗೆ ಗೊತ್ತು. ಪೆಟ್ರೋಲಿನಲ್ಲಿ ಸೀಸ ನಿಂತದ್ದು 2000ದಲ್ಲಿ, ಆದರೆ ರಸ್ತೆಬದಿಯ ಮಣ್ಣಿಗೆ ಬಿದ್ದದ್ದು ಅಲ್ಲೇ ಕೂತಿರುತ್ತದೆ. ತಂಗಿಗೆ ನಾನು ಕಡ್ಡಿ ತುಂಡು ಮಾಡಿದಂತೆ ಹೇಳಿದೆ: "ಈ ಕೋಳಿ ತತ್ತಿ ಅವಳಿಗಿ ಬ್ಯಾಡ. ಕೂಸಿಗಿ ಹಾಲು ಬಿಡಸೋ ತನಕಾ ಬ್ಯಾಡ." ಅಳಿಯ ತಿಪ್ಪೆ ಎಂದು ಹೆದರಿದ್ದ. ತಿಪ್ಪೆಯ ಹೊಲಸು ಬೇಯಿಸಿದರೆ ಹೋಗುತ್ತದೆ. ಹೋಗದೇ ಇರುವುದು ಬ್ಯಾಟರಿ ಅಂಗಡಿಯದು.

ಮಣ್ಣು ಪರೀಕ್ಷೆ ಮಾಡಿಸಿದರಾಯಿತು ಎನ್ನಬಹುದು. ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳನ್ನು ನೋಡುತ್ತಾರೆ, ಸೀಸ ಅದರಲ್ಲಿಲ್ಲ. ಹಾಗಾಗಿ ಕಣ್ಣಿನಿಂದಲೇ ಅಂದಾಜು ಮಾಡಬೇಕು. ಗ್ಯಾರೇಜು, ಬ್ಯಾಟರಿ ಅಂಗಡಿ, ಗುಜರಿ, ಕಸ ಸುಡುವ ಜಾಗ, ಹಳೇ ಬಣ್ಣ ಉದುರುವ ಗೋಡೆ, ಹೆದ್ದಾರಿಯ ಅಂಚು ಇವುಗಳಲ್ಲಿ ಯಾವುದಾದರೂ ಕೋಳಿಯ ತಿರುಗಾಟದೊಳಗೆ ಇದ್ದರೆ ಆ ಕಾಲದಲ್ಲಿ ಮನೆ ತತ್ತಿ ಬಿಡುವುದು ಲೇಸು. ಕೋಳಿಯನ್ನು ಬಲೆ ಕಟ್ಟಿ ಶುದ್ಧ ಜಾಗದಲ್ಲಿ ಕೂಡಿಹಾಕಿ, ಕಾಳನ್ನು ನೆಲಕ್ಕೆ ಚೆಲ್ಲದೆ ಪಾತ್ರೆಯಲ್ಲಿ ಹಾಕಿದರೆ ಸೀಸ ಇಳಿಯುತ್ತದೆ. ಆದರೆ ತಕ್ಷಣ ಅಲ್ಲ, ಕೋಳಿಯ ಎಲುಬಿನಲ್ಲಿ ಕೂತದ್ದು ನಿಧಾನಕ್ಕೆ ಹೊರಬರುತ್ತದೆ.

ಹೊಲದ ಕಡೆ ಮನೆ ಇದ್ದವರಿಗೆ ಬೇರೆ ಎಚ್ಚರ. ತೊಗರಿ ಹೂವಾಡುವಾಗ ಕಾಯಿಕೊರಕ ಹುಳಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತೇವೆ. ಎಣ್ಣೆ ಹೊಡೆದ ಹೊಲದಲ್ಲಿ ಉದುರಿದ ಹುಳುವನ್ನು ಕೋಳಿ ಆರಿಸಿ ತಿನ್ನುತ್ತದೆ. ಆ ದಿನಗಳಲ್ಲಿ ಕೋಳಿ ಕಟ್ಟಿಹಾಕಿ. ಬಿತ್ತನೆಗೆ ಔಷಧ ಲೇಪಿಸಿದ ಬಣ್ಣದ ಬೀಜ ಉಳಿದರೆ ಕೋಳಿಗೆ ಹಾಕಲೇಬೇಡಿ. ಹೇನಿಗೆಂದು ಇರುವೆ ಪುಡಿ ಸವರುವುದನ್ನೂ ಬಿಡಿ. ಪಶು ಆಸ್ಪತ್ರೆಯಲ್ಲಿ ಕೋಳಿಗೆ ಔಷಧ ಕೊಡಿಸಿದರೆ ಎಷ್ಟು ದಿನ ತತ್ತಿ ತಿನ್ನಬಾರದು ಎಂದು ಅಲ್ಲೇ ಕೇಳಿ. ತೂಕಡಿಸುವ ಕೋಳಿಯ ತತ್ತಿಯಂತೂ ಬೇಡವೇ ಬೇಡ.

ಗಿರಿರಾಜ, ಸ್ವರ್ಣಧಾರ ಸಾಕಿದರೆ?

ಇವು ಹಿತ್ತಲಲ್ಲಿ ಸಾಕಲು ಬರುವ ಸುಧಾರಿತ ಕೋಳಿ ತಳಿಗಳು. ಜವಾರಿಯ ಎಣಿಕೆ ಸಾಲದು ಎನ್ನುವವರಿಗೆ ಇದು ನಡುದಾರಿ. ಗಿರಿರಾಜ ವರ್ಷಕ್ಕೆ 130–150 ತತ್ತಿ ಇಡುತ್ತದೆ. ಬೀದರಿನಲ್ಲಿ ಕೇಂದ್ರ ಇರುವ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸ್ವರ್ಣಧಾರ ಅದಕ್ಕಿಂತ ಹೆಚ್ಚು, 180ರ ಆಸುಪಾಸು. ಕಾವಿಗೆ ಕೂರುವುದು ಕಡಿಮೆ. ಮೂರು ಕೋಳಿ ಇದ್ದರೆ ಒಬ್ಬ ಬಸುರಿಗೆ ದಿನಕ್ಕೊಂದು ಬರುತ್ತದೆ. ಇವು ಬಲೆಯೊಳಗೆ ಹೊಂದಿಕೊಂಡು ಬಾಳುತ್ತವೆ, ಆದ್ದರಿಂದ ಮಣ್ಣಿನ ಚಿಂತೆಯನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಬಹುದು.

ಆದರೆ ಮರಿ ತಂದ ದಿನದಿಂದ ತತ್ತಿ ಇಡಲು ಐದೂವರೆ ತಿಂಗಳಾದರೂ ಬೇಕು. ಮೂರನೇ ತಿಂಗಳಲ್ಲಿ ಮರಿ ತಂದರೆ ಮೊದಲ ತತ್ತಿ ಕಾಣುವುದು ಒಂಬತ್ತರ ಹೊತ್ತಿಗೆ. ಹೀಗಾಗಿ ಇದು ಬಾಣಂತನದ ತತ್ತಿ, ಬಸುರಿನದಲ್ಲ. ಕಾಳು ಕೊಂಡು ಹಾಕಬೇಕು. ರಾಣಿಖೇತ್ ಎಂಬ ಕೋಳಿ ರೋಗದ ಲಸಿಕೆ ಹಾಕಿಸಬೇಕು. ಆ ಲಸಿಕೆ ಕೋಳಿ ಸಾಯದಂತೆ ನೋಡಿಕೊಳ್ಳುತ್ತದೆ, ಸಾಲ್ಮೊನೆಲ್ಲಾ ತಡೆಯುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವ ಇನ್ನೊಂದು ಜೊತೆ ಕೈ ಇಲ್ಲದಿದ್ದರೆ ಬಸುರಿಯ ಮೇಲೆ ಈ ಕೆಲಸ ಹೇರಬೇಡಿ.

ಸಂತೆಯ ಜವಾರಿ ತತ್ತಿ

ಎಲ್ಲಕ್ಕಿಂತ ನನಗೆ ಕಡಿಮೆ ನಂಬಿಕೆ ಇರುವುದು ಇದರಲ್ಲಿ, ಬೆಲೆ ಮಾತ್ರ ಫಾರಂ ತತ್ತಿಯ ದುಪ್ಪಟ್ಟಿಗೂ ಮೇಲೆ. ಬುಟ್ಟಿಯಲ್ಲಿ ಹತ್ತು ಮನೆಯ ತತ್ತಿ ಕೂಡಿರುತ್ತವೆ. ಯಾವುದು ನಿನ್ನೆಯದು, ಯಾವುದು ಕಾವಿನಿಂದ ಎತ್ತಿ ತಂದದ್ದು ಎಂದು ಮಾರುವ ಅವ್ವನಿಗೂ ಗೊತ್ತಿರುವುದಿಲ್ಲ. ಕಂದು ಬಣ್ಣದ ಫಾರಂ ತತ್ತಿಯನ್ನೇ ಜವಾರಿ ಎಂದು ಕೊಡುವುದೂ ಇದೆ. ನೀರಿನಲ್ಲಿ ಹಾಕಿ ನೋಡಿ, ಮುಳುಗಿ ಮಲಗಿದರೆ ತಾಜಾ, ತೇಲಿದರೆ ಹಳೆಯದು. ಈ ಪರೀಕ್ಷೆ ವಯಸ್ಸು ಹೇಳುತ್ತದೆ ಅಷ್ಟೇ, ರೋಗಾಣು ಇದೆಯೋ ಸೀಸ ಇದೆಯೋ ಹೇಳುವುದಿಲ್ಲ. ಚಳಿಗಾಲದಲ್ಲಿ, ಗುರುತಿನವರ ಕೈಯಿಂದಾದರೆ ತರಬಹುದು. ಮಾರ್ಚ್‌ನಿಂದ ಮೃಗಶಿರ ಮಳೆ ಬೀಳುವ ತನಕ ಬೇಡ.

ಅಂಗಡಿಯ ಫಾರಂ ತತ್ತಿ

ಫಾರಂ ತತ್ತಿಯನ್ನು ಕೀಳಾಗಿ ನೋಡುವ ರೂಢಿ ನಮ್ಮಲ್ಲಿದೆ. ಬಸುರಿಯ ಮಟ್ಟಿಗೆ ಅದರಲ್ಲಿ ಎರಡು ಗುಣಗಳಿವೆ: ಪಂಜರದ ಕೋಳಿ ಮಣ್ಣು ಕೆದರುವುದಿಲ್ಲ, ಮತ್ತು ದಿನಾ ಸಿಗುತ್ತದೆ, ಅಗ್ಗಕ್ಕೆ ಸಿಗುತ್ತದೆ. ಔಷಧದ ಉಳಿಕೆಗೆ ಸರ್ಕಾರ ಮಿತಿ ಹಾಕಿದೆ, ಆದರೂ ಪ್ರತಿ ಟ್ರೇ ಪರೀಕ್ಷೆ ಆಗುವುದಿಲ್ಲ ಎಂಬುದು ನಿಜ. ಹಳೇ ಓಣಿಯ ಹಿತ್ತಲ ತತ್ತಿಗೂ ಇದಕ್ಕೂ ಹೋಲಿಸಿದರೆ ನಾನು ಇದನ್ನೇ ಆರಿಸುತ್ತೇನೆ.

ನೋಡಬೇಕಾದದ್ದು ಅಂಗಡಿಯನ್ನು. ಒಮ್ಮೆ ಮೇ ತಿಂಗಳಲ್ಲಿ ನಾನು ತಂದ ಮೂವತ್ತರ ಟ್ರೇಯಲ್ಲಿ ನಾಲ್ಕು ಒಡೆದಾಗಲೇ ನಾತ ಹೊಡೆದವು. ಆ ಅಂಗಡಿಯಲ್ಲಿ ಟ್ರೇಗಳನ್ನು ಮಧ್ಯಾಹ್ನದ ಬಿಸಿಲು ಬೀಳುವ ಕಟ್ಟೆಯ ಮೇಲೆ ಪೇರಿಸಿದ್ದರು, ನಾನು ಗಮನಿಸಿರಲಿಲ್ಲ. ಈಗ ನೆರಳಿನಲ್ಲಿ ಇಡುವ, ದಿನಾ ಖಾಲಿಯಾಗುವ ಅಂಗಡಿಗೇ ಹೋಗುತ್ತೇನೆ, ಒಂದು ಸಲಕ್ಕೆ ಆರರ ಮೇಲೆ ತರುವುದಿಲ್ಲ. ಅಗ್ಗಕ್ಕೆ ಕೊಡುವ ಒಡಕು ತತ್ತಿ ಬಸುರಿ ಇರುವ ಮನೆಗೆ ಬೇಡ.

ಡಬ್ಬಿಯಲ್ಲಿ ತಾರೀಖು ಹಾಕಿ ಬರುವ ಪ್ಯಾಕೆಟ್ ತತ್ತಿಗೆ ದುಡ್ಡು ಹೆಚ್ಚು. ನೀವು ಕೊಡುತ್ತಿರುವುದು ಆ ತಾರೀಖಿಗೆ, ಶುಭ್ರ ಸಿಪ್ಪೆಗೆ. ಒಮೇಗಾ (ಒಂದು ಬಗೆಯ ಒಳ್ಳೆಯ ಕೊಬ್ಬು) ಎಂದು ಬರೆದದ್ದಕ್ಕೆ ಹೆಚ್ಚು ಕೊಡುವ ಶಕ್ತಿ ಇದ್ದರೆ ಕೊಡಿ, ಇಲ್ಲದಿದ್ದರೆ ಬೇಸರ ಬೇಡ. ಆ ದುಡ್ಡಿನಲ್ಲಿ ಎರಡು ಲೋಟ ಹಾಲು ಬರುತ್ತದೆ. ಪ್ಯಾಕೆಟ್ಟಿನದು ಎಂದು ಅರೆಬೆಂದದ್ದನ್ನು ತಿನ್ನಬಹುದು ಎಂದುಕೊಳ್ಳಬೇಡಿ.

ಅಂಗನವಾಡಿಯ ತತ್ತಿ

2017ರ ಅಕ್ಟೋಬರಿನಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಶೇಂಗಾ ಚಿಕ್ಕಿ, ತತ್ತಿ ಇದೆ. ಶಾಲೆ ಮಕ್ಕಳಿಗೆ 2021ರಲ್ಲಿ ತತ್ತಿ ಕೊಡಲು ಶುರು ಮಾಡಿದಾಗಲೂ ಮೊದಲು ಆರಿಸಿದ್ದು ಬೀದರ್, ಕಲಬುರಗಿ, ಯಾದಗಿರಿ ಇರುವ ನಮ್ಮ ಭಾಗವನ್ನೇ, ಏಕೆಂದರೆ ಅಪೌಷ್ಟಿಕತೆ ಇಲ್ಲೇ ಹೆಚ್ಚು. ಸೊಸೆಯನ್ನು ಅಂಗನವಾಡಿಗೆ ಕಳಿಸಿದರೆ ಮರ್ಯಾದೆ ಹೋಗುತ್ತದೆ ಎನ್ನುವ ಅತ್ತೆಯಂದಿರಿಗೆ ನನ್ನ ಕಳಕಳಿಯ ಮಾತು: ಅದು ಅವಳ ಹಕ್ಕಿನ ಊಟ, ಹೆಸರು ಬರೆಸಿ. ಬೇಯಿಸಿ ಕೊಟ್ಟ ತತ್ತಿಯನ್ನು ಅಲ್ಲೇ ಬಿಸಿಯಾಗಿ ತಿನ್ನಲಿ. ಬೇಸಿಗೆಯಲ್ಲಿ ಸೆರಗಿನಲ್ಲಿ ಕಟ್ಟಿ ತಂದು ಸಂಜೆ ತಿನ್ನುವುದು ಬೇಡ, ನಮ್ಮ ಸೆಖೆಯಲ್ಲಿ ಬೆಂದ ಆಹಾರಕ್ಕೆ ಒಂದು ತಾಸೇ ಮಿತಿ.

ಯಾವುದನ್ನೇ ತಂದರೂ, ಬೇಯಿಸುವುದು ಹೀಗೆ

ಕುದಿಯುವ ನೀರಿನಲ್ಲಿ ಫಾರಂ ತತ್ತಿ 10–12 ನಿಮಿಷ, ಚಿಕ್ಕ ಜವಾರಿಯಾದರೆ 9–10. ಕತ್ತರಿಸಿದಾಗ ಹಳದಿ ಪುಡಿಪುಡಿಯಾಗಬೇಕು, ಚಾಕುವಿಗೆ ಅಂಟಬಾರದು. ಆಮ್ಲೆಟ್ ಎರಡೂ ಬದಿ ತಿರುವಿ ಹಾಕಿ. ಭುರ್ಜಿಯಲ್ಲಿ ನೀರು ಕಾಣದಂತೆ ಹುರಿಯಿರಿ. ಹಾಫ್ ಬಾಯಿಲ್ ಬೇಡ. ಹಾಲಿನಲ್ಲಿ ಕದಡಿದ ಹಸಿ ತತ್ತಿಯಂತೂ ಬೇಡ. ಅದರಿಂದ ಶಕ್ತಿಯೂ ಹೆಚ್ಚು ಸಿಗುವುದಿಲ್ಲ, ಹಸಿ ಬಿಳಿಯ ಪ್ರೋಟೀನ್ ಬೆಂದದ್ದರಷ್ಟು ಮೈಗೆ ಹತ್ತುವುದಿಲ್ಲ. ಅಜ್ಜಿಗೆ ನಾನು ಇದನ್ನು ಹೇಳಿದಾಗ, "ಹಂಗಾದ್ರ ಕುದಿಸಿ, ಮ್ಯಾಲ ಮೆಣಸಿನ ಪುಡಿ ಉದುರಿಸಿ ಕೊಡ್ರಿ" ಎಂದು ತಾವೇ ಒಲೆ ಹಚ್ಚಿದರು. ತತ್ತಿ ಒಡೆದ ಕೈಯಿಂದ ರೊಟ್ಟಿ ಮುಟ್ಟುವ ಮುಂಚೆ ಸಾಬೂನಿನಿಂದ ತೊಳೆಯಿರಿ.

ಮೊಬೈಲಿನಲ್ಲಿ ಇಂಗ್ಲೆಂಡಿನ ವಿಡಿಯೊ ತೋರಿಸಿ, ಅಲ್ಲಿ ಬಸುರಿಯರು ಹಸಿ ಹಳದಿ ತಿನ್ನುತ್ತಾರೆ ಎಂದು ಒಬ್ಬಳು ಕೇಳಿದಳು. ನಿಜ. 2017ರಲ್ಲಿ ಅಲ್ಲಿನ ಆಹಾರ ಇಲಾಖೆ ಹಾಗೆ ಹೇಳಿತು, ಆದರೆ ಸಿಂಹದ ಮುದ್ರೆ ಇರುವ ತತ್ತಿಗೆ ಮಾತ್ರ. ಆ ಕೋಳಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಹಾಕಿರುತ್ತಾರೆ. ಮುದ್ರೆ ಇಲ್ಲದ ಹಿತ್ತಲ ಕೋಳಿಯ ತತ್ತಿಗೆ ಅಲ್ಲೂ ಆ ಮಾತು ಸಲ್ಲುವುದಿಲ್ಲ. ನಮ್ಮಲ್ಲಿ ಅಂಥ ಮುದ್ರೆಯೇ ಇಲ್ಲ.

ಹಾಗಾದರೆ ಯಾರಿಗೆ ಯಾವುದು

ಹಳ್ಳಿಯಲ್ಲಿ ಶುದ್ಧ ಹಿತ್ತಲು, ಐದಾರು ಜವಾರಿ ಕೋಳಿ ಇದ್ದರೆ ಮನೆ ತತ್ತಿಯನ್ನೇ ಮೊದಲು ಬಳಸಿ. ಅವು ಕಾವಿಗೆ ಕೂತಾಗ ಅಂಗಡಿಯದನ್ನು ತನ್ನಿ. ಎರಡನ್ನೂ ಬೆರೆಸಿ ತಿನ್ನುವುದರಲ್ಲಿ ದೋಷವೇನಿಲ್ಲ. ಪಟ್ಟಣದ ಓಣಿ, ಗ್ಯಾರೇಜು, ಗುಜರಿಯ ನಡುವೆ ಕೋಳಿ ಇದ್ದರೆ ಬಸುರಿನಿಂದ ಹಾಲು ಬಿಡಿಸುವ ತನಕ ಫಾರಂ ತತ್ತಿ. ಆ ಮನೆಯ ಎಳೆ ಮಕ್ಕಳಿಗೂ ಅದೇ ಒಳ್ಳೆಯದು. ಕೈ ಬಿಗಿ ಇದ್ದರೆ ಅಂಗನವಾಡಿಯ ತತ್ತಿಯನ್ನು ಬಿಡಬೇಡಿ, ರಜೆಯ ದಿನಕ್ಕೆ ನಾಲ್ಕೈದು ಅಂಗಡಿಯಿಂದ ತಂದರೆ ತಿಂಗಳು ಸಾಗುತ್ತದೆ. ಫ್ರಿಜ್ ಇಲ್ಲದ, ಅಂಗಡಿ ದೂರದ ತಾಂಡಾದವರಿಗೆ ಬೇಸಿಗೆಯಲ್ಲಿ ಮನೆಯ ಅದೇ ದಿನದ ತತ್ತಿಗಿಂತ ಒಳ್ಳೆಯದು ಇಲ್ಲ. ದುಡ್ಡಿದ್ದು ಸಮಯ ಇಲ್ಲದವರು ಪ್ಯಾಕೆಟ್ ತನ್ನಿ.

ತಂಗಿಯ ಮಗಳಿಗೆ ನಾವು ಮಾಡಿದ್ದು ಇಷ್ಟು. ದಿನಾ ಅಂಗಡಿಯ ಫಾರಂ ತತ್ತಿ ಒಂದು. ಹದಿನೈದು ದಿನಕ್ಕೊಮ್ಮೆ ನಾನು ಹೊಟ್ಟಿನಲ್ಲಿಟ್ಟು ಬಸ್ಸಿನಲ್ಲಿ ಒಯ್ಯುತ್ತಿದ್ದ ನಮ್ಮ ಹಿತ್ತಲಿನ ಆರು ಜವಾರಿ ತತ್ತಿ, ತಲುಪಿದ ಕೂಡಲೇ ಫ್ರಿಜ್ಜಿಗೆ. ತಂಗಿಯ ಕೋಳಿಗಳನ್ನು ಹಳ್ಳಿಗೆ ತಂದುಬಿಟ್ಟೆ.

ಬಾಣಂತನದಲ್ಲಿ ಬದಲಾಗುವುದು ಸ್ವಲ್ಪವೇ. ತತ್ತಿ ತಿಂದರೆ ಕೂಸಿಗೆ ನಂಜು, ಹಾಲು ಕೆಡುತ್ತದೆ ಎಂದು ಐದು ತಿಂಗಳು ಬಾಯಿ ಕಟ್ಟಿಸುತ್ತಾರೆ. ಅದಕ್ಕೆ ಕಾರಣವಿಲ್ಲ, ಅಳವಿ ಪಾಯಸ, ಅಂಟಿನುಂಡೆಯ ಜೊತೆಗೆ ತತ್ತಿಯೂ ಇರಲಿ. ತಾಯಿ ತತ್ತಿ ತಿಂದಾಗಲೆಲ್ಲ ಕೂಸಿನ ಮೈಮೇಲೆ ದದ್ದು ಏಳುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಬಿಡಿ.

ತತ್ತಿ ತಿಂದ ಆರು ತಾಸಿನಿಂದ ಆರು ದಿನದೊಳಗೆ ಭೇದಿ, ಹೊಟ್ಟೆನೋವು, ಜ್ವರ ಬಂದರೆ ಮೊದಲು ಓಆರ್‌ಎಸ್ ಶುರು ಮಾಡಿ. ಬಸುರಿಗೆ ಜ್ವರ ಇದ್ದರೆ, ಉಚ್ಚೆ ಕಡಿಮೆಯಾದರೆ, ಕೂಸಿನ ಹೊರಳಾಟ ಕಡಿಮೆ ಎನ್ನಿಸಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಏನು ತಿಂದಿರೆಂದು ಹೇಳಿ. ಬಾಣಂತಿಗೆ ಹೀಗಾದರೆ ಹಾಲು ಕುಡಿಸುವುದನ್ನು ನಿಲ್ಲಿಸುವುದು ಬೇಡ. ಪ್ರತಿ ಸಲ ಕೂಸನ್ನು ಎತ್ತುವ ಮುಂಚೆ ಎರಡೂ ಕೈ ಸಾಬೂನಿನಿಂದ ತೊಳೆದುಕೊಳ್ಳಲಿ, ಪಕ್ಕದಲ್ಲಿ ಯಾರಾದರೂ ಅವಳಿಗೆ ನೀರು ಕುಡಿಸುತ್ತಾ ಇರಲಿ.